ಬಸ್ಸಿಗೆ ಕಾಯುವುದು ಗೊತ್ತಿದ್ದವಳು

ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರವಾಗಿದ್ದ ಕಾಲ. ಎಂಬತ್ತರ ದಶಕದ ನಡುಭಾಗ. ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಹತ್ತಿ ವ್ಯಾಪಾರದವರ ಮನೆಯಲ್ಲಿ ಮಾತ್ರ. ಭಾನುವಾರ ಸಂಜೆ ಅವರು ಪಡಸಾಲೆಯಲ್ಲಿ ಜಮಖಾನೆ ಹಾಸುತ್ತಿದ್ದರು. ಬೀದಿಯ ಅರ್ಧ ಜನ ಅಲ್ಲಿ ಸೇರುತ್ತಿದ್ದೆವು. ದೆಹಲಿಯಿಂದ ಬರುತ್ತಿದ್ದ ಹಿಂದಿ ಸಿನಿಮಾ. ಕೂತವರಲ್ಲಿ ಹಿಂದಿ ಸರಿಯಾಗಿ ತಿಳಿಯುತ್ತಿದ್ದವರು ಇಬ್ಬರೋ ಮೂವರೋ. ಉಳಿದವರು ಮುಖ ನೋಡಿಯೇ ಕಥೆ ಹೊಂದಿಸಿಕೊಳ್ಳುತ್ತಿದ್ದೆವು.

ಹಾಗೆ ಒಂದು ಸಂಜೆ ‘ಛೋಟಿ ಸಿ ಬಾತ್’ ಬಂತು. ಬೊಂಬಾಯಿಯ ಒಂದು ಬಸ್ ನಿಲ್ದಾಣ, ಸರತಿ ಸಾಲು, ಸಾಲಿನಲ್ಲಿ ಹತ್ತಿ ಸೀರೆ ಉಟ್ಟು ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬಳು ಹುಡುಗಿ, ಅವಳ ಹಿಂದೆ ನಿಂತು ಮಾತಾಡಲಾಗದೆ ಒದ್ದಾಡುವ ಒಬ್ಬ ಹುಡುಗ. ಸ್ವಲ್ಪ ಹೊತ್ತು ನೋಡಿದ ನಮ್ಮ ಅಜ್ಜಿ ಬೇಸರದಿಂದ ಕೇಳಿದರು, “ಈ ಹುಡುಗಿ ಏನೂ ಮಾಡುತ್ತಲೇ ಇಲ್ಲವಲ್ಲ?”

ಪಕ್ಕದಲ್ಲಿ ಕೂತಿದ್ದ ನನ್ನ ಸೋದರತ್ತೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು, “ಮಾಡುತ್ತಿದ್ದಾಳಲ್ಲ ಅವ್ವ. ಬಸ್ಸಿಗೆ ಕಾಯುತ್ತಿದ್ದಾಳೆ.”

ಮನೆಗೆ ಹಿಂದಿರುಗುವಾಗ ಮತ್ತೊಮ್ಮೆ ತಮ್ಮಷ್ಟಕ್ಕೇ ಅಂದರು, “ಆ ಹುಡುಗಿಗೆ ಬಸ್ಸಿಗೆ ಕಾಯುವುದು ಗೊತ್ತಿದೆ.” ನಟಿಯೊಬ್ಬಳ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಅದು. ಆಮೇಲೆ ಓದಿದ ಎಷ್ಟೋ ವಿಮರ್ಶೆಗಳಲ್ಲಿ ಅಷ್ಟು ನಿಖರವಾದ ಮಾತು ನನಗೆ ಸಿಕ್ಕಿಲ್ಲ.

ಆ ನಟಿ ವಿದ್ಯಾ ಸಿನ್ಹಾ. ಪಾತ್ರದ ಹೆಸರು ಪ್ರಭಾ. ಬಸು ಚಟರ್ಜಿ ನಿರ್ದೇಶಿಸಿದ ಚಿತ್ರ, 1976ರಲ್ಲಿ ತೆರೆಗೆ ಬಂದದ್ದು. ಹಿಂದಿನ ವರ್ಷವಷ್ಟೇ ‘ಶೋಲೆ’, ‘ದೀವಾರ್’ ಬಂದು ದೇಶವೆಲ್ಲ ಬಂದೂಕು, ಬೆಂಕಿ, ಆಕ್ರೋಶದ ಮಾತಿನಲ್ಲಿ ಮುಳುಗಿತ್ತು. ಅಂಥ ಹೊತ್ತಿನಲ್ಲಿ ಕಚೇರಿಗೆ ಹೋಗುವ ಹುಡುಗಿಯೊಬ್ಬಳೊಡನೆ ಒಂದು ಮಾತಾಡಲು ಧೈರ್ಯ ಸಾಲದ ಅರುಣನ ಕಥೆ ಇದು. ಅರುಣನಾಗಿ ಅಮೋಲ್ ಪಾಲೇಕರ್. ಅವನಿಗೆ ಎದುರಾಳಿಯಾಗಿ ಪ್ರಭಾಳ ಕಚೇರಿಯ ನಾಗೇಶ, ಅಂದರೆ ಅಸ್ರಾನಿ. ಬಾಯಿ ತುಂಬ ಮಾತು, ಓಡಾಡಲು ಸ್ಕೂಟರು. ಸೋತು ಸೋತು ಸಾಕಾದ ಅರುಣ ಕೊನೆಗೆ ಖಂಡಾಲಾಕ್ಕೆ ಹೋಗಿ ಅಶೋಕ್ ಕುಮಾರ್ ಮಾಡಿದ ಕರ್ನಲ್ ಪಾತ್ರದ ಬಳಿ ಗೆಲ್ಲುವ ವಿದ್ಯೆ ಕಲಿತು ಬರುತ್ತಾನೆ. 1960ರ ಒಂದು ಬ್ರಿಟಿಷ್ ಹಾಸ್ಯಚಿತ್ರದಿಂದ ತೆಗೆದುಕೊಂಡ ಎಳೆ ಇದು. ಚಿತ್ರಕಥೆಗಾಗಿ ಬಸು ಚಟರ್ಜಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಕಥೆಯನ್ನು ಹೀಗೆ ಹೇಳಿದಾಗ ಪ್ರಭಾ ಎಲ್ಲಿದ್ದಾಳೆ? ಎರಡು ಗಂಡಸರ ನಡುವಿನ ಪಂದ್ಯದಲ್ಲಿ ಗೆದ್ದವನಿಗೆ ಸಿಗುವ ಬಹುಮಾನದ ಜಾಗದಲ್ಲಿ. ಬರೆದ ಕಥೆ ಅವಳಿಗೆ ಕೊಟ್ಟ ಜಾಗ ಅಷ್ಟೇ. ಆದರೂ ಆ ಚಿತ್ರ ನೋಡಿ ಎದ್ದವರ ಮನಸ್ಸಿನಲ್ಲಿ ಉಳಿಯುವುದು, ಈ ಹುಡುಗಿಗೆ ಎಲ್ಲವೂ ಮೊದಲಿನಿಂದಲೇ ಗೊತ್ತಿತ್ತು ಎಂಬ ಭಾವನೆ. ಆ ಭಾವನೆ ಎಲ್ಲಿಂದ ಬರುತ್ತದೆ ಎಂಬುದೇ ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿರುವ ಪ್ರಶ್ನೆ. ಉತ್ತರಕ್ಕೆ ನಾನು ಮತ್ತೆ ಮತ್ತೆ ಅತ್ತೆಯ ಮಾತಿಗೇ ಹೋಗಬೇಕಾಗಿದೆ.

ಅತ್ತೆ ಹರಿಹರದ ಒಂದು ಕಾರ್ಖಾನೆಯ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದರು. ನಮ್ಮ ಊರಿನಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ದಿನವೂ ಬೆಳಿಗ್ಗೆ ಪಿ.ಬಿ. ರಸ್ತೆಯ ಬದಿಯಲ್ಲಿ, ಒಂದು ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತು ಬಸ್ಸು ಹಿಡಿಯಬೇಕಿತ್ತು. ಅಲ್ಲಿ ನೆರಳಿರಲಿಲ್ಲ, ನಿಲ್ದಾಣವೆಂದು ಹೇಳುವ ಒಂದು ಫಲಕವೂ ಇರಲಿಲ್ಲ. ಮಿಲ್ಲಿನ ಪಾಳಿ ಮುಗಿಸಿ ಬರುವವರು, ಮಂಡಕ್ಕಿ ಚೀಲ ಹೇರಿದ ಗಾಡಿಗಳು, ಕಾಲೇಜಿನ ಹುಡುಗರು, ಎಲ್ಲರೂ ಹಾದುಹೋಗುವ ಜಾಗ. ಶಾಲೆಗೆ ರಜೆ ಇದ್ದ ದಿನ ನಾನು ಅವರೊಡನೆ ಅಲ್ಲಿಯವರೆಗೆ ಹೋಗುತ್ತಿದ್ದೆ.

ಹೆಂಗಸೊಬ್ಬಳು ಒಂಟಿಯಾಗಿ ರಸ್ತೆಬದಿಯಲ್ಲಿ ನಿಲ್ಲುವುದು ಸುಲಭದ ಕೆಲಸವಲ್ಲ ಎಂಬುದು ಅವರನ್ನು ನೋಡಿದಾಗ ತಿಳಿಯುತ್ತಿತ್ತು. ಕಣ್ಣನ್ನು ಎಲ್ಲಿ ಇಡಬೇಕು? ಅಂಗಡಿಯ ಕಡೆ ಇಟ್ಟರೆ ಅಂಗಡಿಯವನು ಮಾತಿಗೆ ಬರುತ್ತಾನೆ. ನೆಲದ ಕಡೆ ಇಟ್ಟರೆ ಹೆದರಿದ್ದಾಳೆ ಎಂದು ತಿಳಿಯುತ್ತಾರೆ. ಗಡಿಯಾರವನ್ನು ಮತ್ತೆ ಮತ್ತೆ ನೋಡಿದರೆ ಯಾರಾದರೂ ಬಂದು ಗಂಟೆ ಕೇಳುತ್ತಾರೆ. ಅತ್ತೆ ಬಸ್ಸು ಬರುವ ತಿರುವಿನ ಕಡೆ, ತಲೆಯ ಮಟ್ಟಕ್ಕಿಂತ ತುಸು ಮೇಲೆ ನೋಟ ಇಟ್ಟು ನಿಲ್ಲುತ್ತಿದ್ದರು. ಚೀಲ ಮುಂದಕ್ಕೆ, ಸೆರಗು ಬಲಗೈ ಕೆಳಗೆ. ಮುಖದಲ್ಲಿ ಸಿಟ್ಟೂ ಇಲ್ಲ, ಸ್ವಾಗತವೂ ಇಲ್ಲ. ಆದರೆ ಸುತ್ತ ಯಾರು ಬಂದರು, ಯಾರು ನಿಂತರು, ಯಾವ ಸೈಕಲ್ಲು ಎರಡನೆಯ ಸಲ ಹಾದುಹೋಯಿತು ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಸಂಜೆ ಮನೆಯಲ್ಲಿ ಅಕ್ಕಿ ಆರಿಸುತ್ತ ಅಷ್ಟನ್ನೂ ಅಜ್ಜಿಗೆ ವರದಿ ಮಾಡುತ್ತಿದ್ದರು.

ಈಗ ವಿದ್ಯಾ ಸಿನ್ಹಾ ಅವರನ್ನು ನೋಡಿ. ಚಿತ್ರದ ಮೊದಲ ಭಾಗವಿಡೀ ಅರುಣ ಅವಳ ಹಿಂದೆ ಇರುತ್ತಾನೆ: ಬಸ್ಸಿನ ಸಾಲಿನಲ್ಲಿ, ರಸ್ತೆಯಲ್ಲಿ, ಕಚೇರಿಯ ಬಾಗಿಲವರೆಗೆ. ಪ್ರಭಾ ತಿರುಗುವುದಿಲ್ಲ. ಸಾಧಾರಣ ನಟಿಯೊಬ್ಬಳು ಇಲ್ಲಿ ಎರಡರಲ್ಲಿ ಒಂದನ್ನು ಮಾಡುತ್ತಿದ್ದಳು. ಏನೂ ಗೊತ್ತಿಲ್ಲದ ಮುಗ್ಧೆಯಂತೆ ನಡೆಯುವುದು, ಇಲ್ಲವೇ ನಮಗೆಲ್ಲ ಕಾಣುವಂತೆ ತುಟಿ ಕಚ್ಚಿ ನಾಚುವುದು. ವಿದ್ಯಾ ಸಿನ್ಹಾ ಎರಡನ್ನೂ ಬಿಟ್ಟಿದ್ದಾರೆ. ಅವನು ಬಂದಿದ್ದಾನೆಂದು ಪ್ರಭಾಳಿಗೆ ಗೊತ್ತು. ಗೊತ್ತು ಎಂಬುದು ಅವನಿಗೆ ತಿಳಿಯಬಾರದು. ಆದರೆ ನಮಗೆ, ತೀರ ಸ್ವಲ್ಪ, ತಿಳಿಯಬೇಕು. ಈ ಮೂರನ್ನೂ ಒಂದೇ ಮುಖದಲ್ಲಿ ತೂಗಿಸುವುದು ಎಷ್ಟು ಕಷ್ಟ! ಅವರು ಅದಕ್ಕೆ ಬಳಸುವುದು ನಗುವನ್ನಲ್ಲ, ನಗು ಬರುವುದಕ್ಕೆ ಮುಂಚಿನ ಒಂದು ಕ್ಷಣವನ್ನು. ತುಟಿ ಅಲುಗುವ ಮೊದಲು ಕೆನ್ನೆ ಸಡಿಲವಾಗುತ್ತದೆ. ಅಷ್ಟರಲ್ಲಿ ಬಸ್ಸು ಬರುತ್ತದೆ, ಅವಳು ಹತ್ತಿ ಹೋಗುತ್ತಾಳೆ.

ಅಜ್ಜಿಗೆ ಅದು ಕಾಣಲಿಲ್ಲವೆಂದು ಅವರನ್ನು ತೆಗಳುವ ಮನಸ್ಸು ನನಗಿಲ್ಲ. ಅಜ್ಜಿ ಬೆಳೆದದ್ದು ಕಂಪನಿ ನಾಟಕದ ಊರಿನಲ್ಲಿ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮ ದಾವಣಗೆರೆಯ ಹೆಮ್ಮೆ. ‘ಹಳ್ಳಿ ಹುಡುಗಿ’ ನಾಟಕದಲ್ಲಿ ಚಿಂದೋಡಿ ಲೀಲಾ ಅವರನ್ನು ನೋಡಿದ್ದನ್ನು ಅಜ್ಜಿ ಹಬ್ಬದ ಸಂಗತಿಯಂತೆ ಹೇಳುತ್ತಿದ್ದರು. ತಗಡಿನ ಚಾವಣಿಯ ಕೆಳಗೆ ನೂರಾರು ಜನ, ಹಿಂದೆ ಅಳುವ ಮಕ್ಕಳು, ಹೊರಗೆ ಮೆಣಸಿನಕಾಯಿ ಕರಿಯುವ ಸದ್ದು, ಇವೆಲ್ಲದರ ನಡುವೆ ಕಟ್ಟಕಡೆಯ ಸಾಲಿನವನಿಗೂ ಮಾತು ಮುಟ್ಟಬೇಕು. ಅಲ್ಲಿ ಹುಬ್ಬು ಎತ್ತಿದರೆ ಸಾಲದು, ತೋಳು ಎತ್ತಬೇಕು. ಅದು ಬೇರೆಯೇ ವಿದ್ಯೆ, ದೊಡ್ಡ ವಿದ್ಯೆ. ಕ್ಯಾಮರಾ ಬಂದು ಕಡೆಯ ಸಾಲಿನವನನ್ನು ಎತ್ತಿ ನಟಿಯ ಮುಖದಿಂದ ಒಂದು ಮೊಳ ದೂರದಲ್ಲಿ ಕೂರಿಸಿದ ಮೇಲೆ ಬೇಕಾದದ್ದು ಇನ್ನೊಂದು ವಿದ್ಯೆ. ನಮ್ಮ ಹಿರಿಯರು ಅಭಿನಯವನ್ನು ಮೈಯ ಚಲನೆಯ ಆಂಗಿಕ, ಮಾತಿನ ವಾಚಿಕ, ವೇಷಭೂಷಣದ ಆಹಾರ್ಯ, ಒಳಗಿನ ಭಾವದ ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಮೊದಲ ಮೂರನ್ನು ಆದಷ್ಟು ಕಡಿಮೆ ಮಾಡಿ ನಾಲ್ಕನೆಯದರ ಮೇಲೆ ಭಾರ ಹಾಕಿ ನಿಲ್ಲುವವರು ವಿರಳ. ವಿದ್ಯಾ ಸಿನ್ಹಾ ಹಾಗೆ ನಿಂತಿದ್ದಾರೆ.

ಹಾಸ್ಯಚಿತ್ರದಲ್ಲಿ ಈ ನಿಲುವಿಗೆ ಇನ್ನೊಂದು ಬೆಲೆಯಿದೆ. ಅಸ್ರಾನಿ ಕುಣಿಯುತ್ತಾರೆ, ಅಶೋಕ್ ಕುಮಾರ್ ಪಾಠ ಹೇಳುತ್ತಾರೆ, ಪಾಲೇಕರ್ ತಡವರಿಸುತ್ತಾರೆ. ಇವರೆಲ್ಲರ ಆಟಕ್ಕೆ ಒಂದು ಗಟ್ಟಿ ನೆಲ ಬೇಕು. ನೆಲವೂ ಅಲುಗಿದರೆ ಕುಣಿತ ಕಾಣುವುದಿಲ್ಲ. ಟೇಬಲ್ ಟೆನಿಸ್ ಆಟದಲ್ಲಿ ನಾಗೇಶ ಅರುಣನನ್ನು ಸೋಲಿಸುವ ದೃಶ್ಯವಿದೆ. ಖಂಡಾಲಾದಿಂದ ಬಂದ ಮೇಲೆ ಅರುಣ ಅದೇ ಆಟದಲ್ಲಿ ಅವನನ್ನು ಸೋಲಿಸುತ್ತಾನೆ. ಎರಡು ಕಡೆಯೂ ನನ್ನ ಕಣ್ಣು ಚೆಂಡಿನ ಹಿಂದೆ ಹೋಗದೆ ಪ್ರಭಾಳ ಮೇಲೆಯೇ ನಿಲ್ಲುತ್ತದೆ. ಸೋತವನನ್ನು ಅವಳು ಹಂಗಿಸುವುದಿಲ್ಲ, ಗೆದ್ದವನಿಗೆ ಮರುಳಾಗುವುದಿಲ್ಲ. ಚೀನೀ ಹೋಟೆಲಿನಲ್ಲಿ ಅರುಣ ಕಡ್ಡಿ ಹಿಡಿದು ಸರಾಗವಾಗಿ ಊಟ ಮಾಡುತ್ತ ನಾಗೇಶನನ್ನು ಪೇಚಿಗೆ ಸಿಕ್ಕಿಸುವಾಗಲೂ ಅಷ್ಟೇ. ಅರುಣನ ಹೊಸ ಜಾಣತನ ಅವಳಿಗೆ ಇಷ್ಟವಾಗುತ್ತದೆಯೇ ಎಂದು ಕೇಳಿದರೆ, ಇಷ್ಟವಾಗುತ್ತದೆ ಎನ್ನಬೇಕು. ಆದರೆ ಅವಳು ಹಳೆಯ ಅರುಣನನ್ನು ಹುಡುಕುತ್ತಿದ್ದಾಳೆ ಎಂದೂ ನನಗೆ ಅನ್ನಿಸುತ್ತದೆ. ಇದು ಸಂಭಾಷಣೆಯಲ್ಲಿ ಎಲ್ಲೂ ಇಲ್ಲ. ನೋಟದಲ್ಲಿ ಇದೆ.

ಈ ನೋಟ ಅವರಿಗೆ ಎಲ್ಲಿಂದ ಬಂತು ಎಂಬುದಕ್ಕೆ 1974ರ ‘ರಜನಿಗಂಧಾ’ ನೋಡಬೇಕು. ನಿರ್ದೇಶಕರು ಬಸು ಚಟರ್ಜಿಯವರೇ, ಜೊತೆಗಾರ ಪಾಲೇಕರೇ. ಮನ್ನೂ ಭಂಡಾರಿಯವರ ಕಥೆಯಿಂದ ಬಂದ ಆ ಚಿತ್ರದಲ್ಲಿ ಇಬ್ಬರು ಗಂಡಸರ ನಡುವೆ ತೂಗಾಡುವ ಮನಸ್ಸು ದೀಪಾ ಎಂಬ ಹೆಣ್ಣಿನದು. ಚಿತ್ರವೇ ಆ ಮನಸ್ಸಿನೊಳಗೆ ನಡೆಯುತ್ತದೆ. ಟ್ಯಾಕ್ಸಿಯಲ್ಲಿ ಹಳೆಯ ಗೆಳೆಯನ ಪಕ್ಕ ಕೂತು, ಒಂದು ಮಾತೂ ಆಡದೆ, ಇಡೀ ಹಾಡಿನುದ್ದಕ್ಕೂ ಅವಳೊಳಗೆ ಏನೇನು ಸುಳಿದು ಹೋಯಿತೆಂದು ನಮಗೆ ತಿಳಿಯುತ್ತದೆ. ‘ಛೋಟಿ ಸಿ ಬಾತ್’ನಲ್ಲಿ ಮನಸ್ಸಿನ ಬಾಗಿಲು ತೆರೆದಿರುವುದು ಅರುಣನದು ಮಾತ್ರ. ಹಗಲುಗನಸು ಕಾಣುವವನೂ ಅವನೇ: ಸಿನಿಮಾ ಮಂದಿರದಲ್ಲಿ ಧರ್ಮೇಂದ್ರ, ಹೇಮಾಮಾಲಿನಿ ಹಾಡುತ್ತಿರುವಾಗ ಆ ಜಾಗದಲ್ಲಿ ತನ್ನನ್ನೂ ಪ್ರಭಾಳನ್ನೂ ಕಾಣುತ್ತಾನೆ. ದೀಪಾಳ ಒಳಮನಸ್ಸನ್ನು ಪ್ರಭಾಳಿಗೆ ತಂದುಕೊಟ್ಟದ್ದು ಬರಹವಲ್ಲ, ನಟಿ. ಪ್ರಶಸ್ತಿ ಪಡೆದ ಚಿತ್ರಕಥೆಯ ಅರ್ಧವನ್ನು ವಿದ್ಯಾ ಸಿನ್ಹಾ ಮಾತಿಲ್ಲದೆ ಬರೆದಿದ್ದಾರೆ ಎಂದು ನಾನು ನಂಬಿದ್ದೇನೆ.

ಇಷ್ಟು ಪ್ರೀತಿಯಿಂದ ಬರೆಯುತ್ತಿರುವ ನಾನು ನಡುವೆ ಹತ್ತು ವರ್ಷ ಈ ಚಿತ್ರವನ್ನು ನೋಡಲು ಒಪ್ಪಿರಲಿಲ್ಲ. ಕಾರಣ ಹೇಳಬೇಕು.

ಪದವಿಯ ಎರಡನೆಯ ವರ್ಷದಲ್ಲಿ ಒಬ್ಬ ಹುಡುಗ ಗುಂಡಿ ವೃತ್ತದಿಂದ ನಮ್ಮ ಮನೆಯ ತಿರುವಿನವರೆಗೆ ತಿಂಗಳುಗಟ್ಟಲೆ ನನ್ನ ಹಿಂದೆ ಬಂದ. ಒಂದು ಮಾತೂ ಆಡಲಿಲ್ಲ, ಕೈ ಮಾಡಲಿಲ್ಲ. ಬರುತ್ತಿದ್ದ, ಅಷ್ಟೇ. ಆ ‘ಅಷ್ಟೇ’ ಎಂಬುದು ಎಷ್ಟು ಭಾರ ಎಂದು ಅನುಭವಿಸಿದವರಿಗೇ ಗೊತ್ತು. ನಾನು ದಾರಿ ಬದಲಿಸಿದೆ, ಸಮಯ ಬದಲಿಸಿದೆ, ಗ್ರಂಥಾಲಯಕ್ಕೆ ಹೋಗುವುದನ್ನೇ ಬಿಟ್ಟೆ. ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸುತ್ತಾರೆ ಎಂಬ ಹೆದರಿಕೆ. ಒಂದು ದಿನ ಅವನು ಬರುವುದು ನಿಂತಿತು. ನನ್ನ ಬೆನ್ನಿಗೆ ಮಾತ್ರ ಅದು ಬಹಳ ಕಾಲ ತಿಳಿಯಲಿಲ್ಲ. ಆ ದಿನಗಳಲ್ಲಿ ಯಾರದೋ ಮನೆಯಲ್ಲಿ ‘ಛೋಟಿ ಸಿ ಬಾತ್’ ಹಾಕಿದಾಗ ಮೊದಲ ಹತ್ತು ನಿಮಿಷದಲ್ಲೇ ಎದ್ದು ಬಂದೆ. ಹೆಣ್ಣಿನ ಹಿಂದೆ ನಡೆಯುವವನನ್ನು ನೋಡಿ ಎಲ್ಲರೂ ನಗುವುದನ್ನು ನನಗೆ ಸಹಿಸಲಾಗಲಿಲ್ಲ.

ಇವತ್ತಿಗೂ ಆ ಭಾಗ ನೋಡುವಾಗ ನನ್ನೊಳಗೆ ಒಂದು ಮುಳ್ಳು ಇದ್ದೇ ಇದೆ. ಪಾಲೇಕರ್ ಎಷ್ಟೇ ನಿರಪಾಯದ ಮನುಷ್ಯನಂತೆ ಕಂಡರೂ, ಹಿಂದೆ ಬರುವವನು ನಿರಪಾಯದವನೆಂದು ಮುಂದೆ ನಡೆಯುವವಳಿಗೆ ಹೇಗೆ ಗೊತ್ತಾಗಬೇಕು? ಕಥೆ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಆದರೆ ನಟಿ ಕೇಳಿಕೊಂಡಿದ್ದಾರೆ ಎಂಬುದು ಹತ್ತು ವರ್ಷದ ನಂತರ ಪೂರ್ತಿ ಚಿತ್ರ ನೋಡಿದಾಗ ನನಗೆ ಕಂಡಿತು. ಪ್ರಭಾಳ ನಡಿಗೆಯಲ್ಲಿ ಅವಸರವಿಲ್ಲ. ಹೆದರಿದವಳ ಹೆಜ್ಜೆ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಅದು ಅಲ್ಲಿ ಇಲ್ಲ. ಅವಳು ಬೇಕೆಂದಾಗ ನಿಲ್ಲುತ್ತಾಳೆ, ಬೇಕೆಂದಾಗ ನಾಗೇಶನ ಸ್ಕೂಟರು ಹತ್ತಿ ಹೋಗುತ್ತಾಳೆ, ಅರುಣ ನಿಲ್ದಾಣದಲ್ಲೇ ಉಳಿಯುತ್ತಾನೆ. ಅವಳ ಒಂದು ನೋಟಕ್ಕೆ ಬೆವರುವವನು ಅವನು. ದಾರಿ ಅವಳದು. ಅವಳಲ್ಲಿ ಭಯದ ಒಂದು ಎಳೆ ಕಂಡಿದ್ದರೂ ಈ ಹಾಸ್ಯಚಿತ್ರ ಅಲ್ಲೇ ಸತ್ತುಹೋಗುತ್ತಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ನಾನು ಎದ್ದು ಬಂದದ್ದೂ ಸರಿ. ಇಪ್ಪತ್ತೊಂಬತ್ತರಲ್ಲಿ ಕೂತು ನೋಡಿದ್ದೂ ಸರಿ.

ಹಾಡಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಅರುಣ ಖಂಡಾಲಾಕ್ಕೆ ಹೋಗಿದ್ದಾನೆ. ಪ್ರಭಾ ಅದೇ ನಿಲ್ದಾಣ, ಅದೇ ರಸ್ತೆಗಳಲ್ಲಿ ಒಬ್ಬಳೇ. ಯೋಗೇಶ್ ಬರೆದು, ಸಲಿಲ್ ಚೌಧುರಿ ರಾಗ ಹಾಕಿ, ಲತಾ ಮಂಗೇಶ್ಕರ್ ಹಾಡಿದ ಹಾಡು ಹಿನ್ನೆಲೆಯಲ್ಲಿ ಬರುತ್ತದೆ. ಹೋದವರ ಸಣ್ಣ ಸಣ್ಣ ಸಂಗತಿಗಳನ್ನು ಮನಸ್ಸು ಏಕೆ ನೆನೆಯುತ್ತದೋ ಎಂಬುದು ಅದರ ಭಾವ. ಇಂಥ ಹಾಡಿನಲ್ಲಿ ವಿರಹವನ್ನು ಮುಖದ ತುಂಬ ಬಳಿದುಕೊಳ್ಳಲು ಎಲ್ಲ ಅವಕಾಶವಿದೆ. ವಿದ್ಯಾ ಸಿನ್ಹಾ ಅಳುವುದಿಲ್ಲ. ಅವರು ಇಲ್ಲಿ ತೋರಿಸುವುದು ದುಃಖಕ್ಕಿಂತ ಹೆಚ್ಚಾಗಿ ಅಚ್ಚರಿಯನ್ನು. ಇಷ್ಟು ದಿನ ಬೆನ್ನ ಹಿಂದೆ ಇದ್ದ ಒಂದು ಇರುವಿಕೆ ಇಲ್ಲವಾದಾಗ, ಅದು ತನಗೆ ಅಭ್ಯಾಸವಾಗಿತ್ತು ಎಂದು ಒಬ್ಬಳು ತನ್ನ ಬಗ್ಗೆ ತಾನೇ ಕಂಡುಕೊಳ್ಳುವ ಅಚ್ಚರಿ. ಪೇಟೆಯಲ್ಲಿ ನಡೆಯುತ್ತ ನಡೆಯುತ್ತ, ಮನೆಯ ಬೀಗ ಹಾಕಿದೆನೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳುವವರ ಮುಖ ಹೇಗಿರುತ್ತದೋ ಹಾಗೆ. ಕೆ.ಕೆ. ಮಹಾಜನ್ ಅವರ ಕ್ಯಾಮರಾ ಬೊಂಬಾಯಿಯ ನಿಜವಾದ ಬೀದಿಗಳಲ್ಲಿ ಅವಳನ್ನು ಹಿಂಬಾಲಿಸುತ್ತದೆ. ಊರು ತನ್ನ ಪಾಡಿಗೆ ಓಡುತ್ತಿರುತ್ತದೆ. ಅವಳಿಗೆ ಆಗಿರುವುದೇನು ಎಂದು ಆ ಊರಿನಲ್ಲಿ ಯಾರಿಗೂ ತಿಳಿಯುವುದಿಲ್ಲ.

ಕೊನೆಯ ಭಾಗದಲ್ಲಿ ಕರ್ನಲ್ ಹೇಳಿಕೊಟ್ಟ ಕಟ್ಟಕಡೆಯ ಉಪಾಯವನ್ನು ಬಳಸಲು ಅರುಣನ ಮನಸ್ಸು ಒಪ್ಪುವುದಿಲ್ಲ. ಕಲಿತ ವಿದ್ಯೆಯನ್ನು ಬಿಟ್ಟುಕೊಟ್ಟು ಅವನು ಗೆಲ್ಲುತ್ತಾನೆ. ಚಿತ್ರದ ಮುಕ್ತಾಯ ನನಗೆ ಸ್ವಲ್ಪ ಅವಸರದ್ದೆನಿಸುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ವಿದ್ಯಾ ಸಿನ್ಹಾ ಮುಂದೆ ಎಷ್ಟೋ ಚಿತ್ರಗಳಲ್ಲಿ ನಟಿಸಿದರು. ದೀರ್ಘ ಬಿಡುವಿನ ನಂತರ ಟಿ.ವಿ. ಧಾರಾವಾಹಿಗಳಿಗೂ ಬಂದರು. 2019ರ ಆಗಸ್ಟ್ 15ರಂದು ಮುಂಬೈಯಲ್ಲಿ ತೀರಿಕೊಂಡರು. ನಮ್ಮ ಊರಿಗೆ ಆ ದಿನ ಎರಡು ಹಬ್ಬ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದೂ ಆಗಸ್ಟ್ 15ರಂದೇ. ಧ್ವಜ, ಮೆರವಣಿಗೆ, ಭಾಷಣಗಳ ಸುದ್ದಿಯ ನಡುವೆ ಅವರ ಸಾವಿನ ಸುದ್ದಿ ಒಂದು ಸಾಲಾಗಿ ಹಾದುಹೋಯಿತು. ಅತ್ತೆಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಅತ್ತೆ ನಮ್ಮ ಮನೆಯಲ್ಲಿ ಒಂದು ತಿಂಗಳಿದ್ದರು. ಮಂಡಿ ನೋವು, ಹೊರಗೆ ಹೋಗಲಾಗುವುದಿಲ್ಲ. ಒಂದು ಮಧ್ಯಾಹ್ನ ಮೊಬೈಲನ್ನು ದಿಂಬಿಗೆ ಒರಗಿಸಿ ಇಬ್ಬರೂ ‘ಛೋಟಿ ಸಿ ಬಾತ್’ ನೋಡಿದೆವು. ನಡುವೆ ಒಂದು ತಟ್ಟೆ ಖಾರ ಮಂಡಕ್ಕಿ. ಬಸ್ ನಿಲ್ದಾಣದ ದೃಶ್ಯ ಬಂದಾಗ ನಾನು ಅವರ ಹಳೆಯ ಮಾತನ್ನು ನೆನಪಿಸಿದೆ. ಅವರಿಗೆ ಅದು ನೆನಪಿರಲಿಲ್ಲ.

“ಅವಳು ಒಮ್ಮೆಯಾದರೂ ತಿರುಗಿ ನೋಡಬಹುದಿತ್ತಲ್ಲ ಅತ್ತೆ?” ಎಂದು ಕೇಳಿದೆ.

“ನೋಡಿದರೆ ಉತ್ತರ ಕೊಡಬೇಕಾಗುತ್ತದೆ,” ಅಂದರು. ಸ್ವಲ್ಪ ಹೊತ್ತು ಬಿಟ್ಟು ಮಾತು ಮುಂದುವರಿಸಿದರು. ಹರಿಹರದ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಇದ್ದನಂತೆ, ವಯಸ್ಸಾದವನು. ಅತ್ತೆ ತಡವಾದ ದಿನ ಬೀದಿಯ ಮೂಲೆಯಲ್ಲಿ ಕಾಣಿಸಿಕೊಂಡರೆ, ಚೀಟಿ ಎಣಿಸುವ ನೆಪದಲ್ಲಿ ಅರ್ಧ ನಿಮಿಷ ಸೀಟಿ ಊದುತ್ತಿರಲಿಲ್ಲವಂತೆ. ಹನ್ನೊಂದು ವರ್ಷ. “ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ನಾನು ಒಂದು ದಿನವೂ ಉಪಕಾರವಾಯಿತು ಎನ್ನಲಿಲ್ಲ. ಅಂದಿದ್ದರೆ ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು, ಮರುದಿನದಿಂದ ಅವನು ನಿಲ್ಲಿಸಲು ಆಗುತ್ತಿರಲಿಲ್ಲ. ಹೆಜ್ಜೆ ಜೋರು ಮಾಡುತ್ತಿದ್ದೆ, ಅಷ್ಟೇ.”

ಅವರು ಇದನ್ನು ಹೇಳುವಾಗ ಪರದೆಯ ಮೇಲೆ ಪ್ರಭಾ ಬಸ್ಸು ಹತ್ತುತ್ತಿದ್ದಳು. ನಾನು ಎರಡು ಮುಖಗಳನ್ನೂ ನೋಡಿದೆ.

ಹಾಡು ಬಂದಾಗ ಅತ್ತೆಗೆ ಅರ್ಥವಾಗಲೆಂದು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಮುಗಿದ ಮೇಲೆ, “ಈ ಹುಡುಗಿ ಈಗ ಎಲ್ಲಿದ್ದಾಳೆ?” ಎಂದು ಕೇಳಿದರು. ತೀರಿಕೊಂಡರು, 2019ರಲ್ಲಿ ಎಂದೆ. ಅತ್ತೆ ಮಂಡಕ್ಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಆ ಹಾಡು ಇನ್ನೊಂದು ಸಲ ಹಾಕು,” ಅಂದರು. “ಈ ಸಲ ನೀನು ಅರ್ಥ ಹೇಳಬೇಡ.”